ಭಟ್ಟಿಯ ಜ್ವಾಲೆ ಹಳದಿಯಾದರೆ ಶಾಖ ಹೆಚ್ಚುತ್ತದೆಯೇ?

ಪ್ರಶ್ನೆ: ನಾನು ಜಮಖಂಡಿ ಕಡೆಯವನು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಕಾದ ಉಕ್ಕನ್ನು ಬಡಿದು ರೂಪ ಕೊಡುವ ಸಣ್ಣದೊಂದು ಫೋರ್ಜಿಂಗ್ ಶಾಪ್ ನಡೆಸುತ್ತಿದ್ದೇನೆ. ಎರಡು ಬರ್ನರ್‌ಗಳ ಬಾಕ್ಸ್ ಭಟ್ಟಿಯಲ್ಲಿ ಉಕ್ಕಿನ ತುಂಡುಗಳಾದ ಬಿಲ್ಲೆಟ್‌ಗಳನ್ನು ಸುಮಾರು 1200 ಡಿಗ್ರಿಗೆ ಕಾಯಿಸುತ್ತೇವೆ. ಮೊದಲು ಫರ್ನೇಸ್ ಆಯಿಲ್ ಇತ್ತು, ಕಳೆದ ವರ್ಷ ಪೈಪ್ ಗ್ಯಾಸಿಗೆ ಬದಲಾಯಿಸಿದೆವು. ಆಯಿಲ್ ಇದ್ದಾಗ ಭಟ್ಟಿ ತುಂಬ ಹಳದಿ ಉರಿ ಕಾಣುತ್ತಿತ್ತು. ಗ್ಯಾಸ್ ಬಂದ ಮೇಲೆ ಉರಿಯೇ ಕಾಣದಂತಾಯಿತು, ಮಾಲು ಕಾಯಲು ಹೆಚ್ಚು ಹೊತ್ತು ಹಿಡಿಯತೊಡಗಿತು. ‘ಗ್ಯಾಸ್‌ನಲ್ಲಿ ದಮ್ ಇಲ್ಲ’ ಎನ್ನುತ್ತಾರೆ ನಮ್ಮ ಹುಡುಗರು. ಫಿಟ್ಟರ್ ಬಂದು, ಉರಿ ಹಳದಿಯಾದರೆ ಶಾಖ ಹೆಚ್ಚುತ್ತದೆ ಎಂದು ಹೇಳಿ, ಗಾಳಿಯೂದುವ ಬ್ಲೋವರ್‌ನ ಡ್ಯಾಂಪರ್ (ಗಾಳಿಯ ತಡೆಹಲಗೆ) ಅರ್ಧ ಮುಚ್ಚಿದ. ಉರಿ ಹಳದಿಯಾಯಿತು, ಬಾಗಿಲಿನಿಂದ ಹೊರಗೂ ಬರುತ್ತಿದೆ, ಅಲ್ಲಿ ನಿಲ್ಲಲಾಗದಷ್ಟು ಝಳ. ಆದರೆ ಮಾಲು ಕಾಯುವ ಹೊತ್ತು ಅಷ್ಟೇನೂ ಇಳಿದಿಲ್ಲ, ಗ್ಯಾಸ್ ಬಿಲ್ ಏರಿದೆ, ಹೊಗೆಯ ಶಾಖದಿಂದ ಒಳಬರುವ ಗಾಳಿಯನ್ನು ಕಾಯಿಸುವ ರಿಕ್ಯುಪರೇಟರ್ ಕೊಳವೆಗಳ ಮೇಲೆ ಮಸಿ ಕೂತಿದೆ. ರಾತ್ರಿ ಪಾಳಿಯವರು ತಲೆನೋವು ಎನ್ನುತ್ತಾರೆ. ಹಳದಿ ಉರಿ ಒಳ್ಳೆಯದೋ ಕೆಟ್ಟದ್ದೋ? ಗ್ಯಾಸಿಗೆ ಮಸಿಯೇ ಬರುವುದಿಲ್ಲ ಎನ್ನುತ್ತಾರಲ್ಲ? ಮತ್ತೆ ಆಯಿಲಿಗೇ ಹೋಗೋಣವೇ?

ಉತ್ತರ: ನೀವು ಪತ್ರದ ಕೊನೆಗೆ ಒಂದೇ ಮಾತಿನಲ್ಲಿ ಹೇಳಿರುವ ತಲೆನೋವಿನಿಂದಲೇ ನಾನು ಆರಂಭಿಸಬೇಕಾಗಿದೆ, ಏಕೆಂದರೆ ಉಳಿದೆಲ್ಲವೂ ಒಂದು ವಾರ ಕಾಯಬಹುದು, ಅದು ಕಾಯುವಂಥದ್ದಲ್ಲ. ಗಾಳಿ ಕಡಿಮೆಯಾದ ಭಟ್ಟಿಯಿಂದ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ; ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ರಾತ್ರಿ ಪಾಳಿಯಲ್ಲಿ, ಅದರಲ್ಲೂ ಮಳೆಗಾಲ ಮತ್ತು ಚಳಿಗಾಲದಲ್ಲಿ, ಶೆಡ್ಡಿನ ಶಟರ್ ಅರ್ಧ ಎಳೆದು ಕೆಲಸ ಮಾಡುವುದು ಭೋಸರಿ, ಚಾಕಣಗಳಲ್ಲಿ ನಾನು ನೋಡುತ್ತಲೇ ಬಂದಿರುವ ಅಭ್ಯಾಸ. ಹಾಗಾಗಿ ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಶಟರ್ ತೆರೆಯಿಸಿ, ಭಟ್ಟಿಯ ಬಳಿ ಮನುಷ್ಯರ ತಲೆಯ ಎತ್ತರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಹಾಕಿಸಿ. ಯಾರಿಗಾದರೂ ತಲೆನೋವಿನ ಜೊತೆ ವಾಕರಿಕೆ, ಮಂಕು ಕಂಡರೆ ಹೊರಗಿನ ಗಾಳಿಗೆ ಕರೆತಂದು, ಚಹಾ ಕುಡಿಸಿ ಮತ್ತೆ ಕೆಲಸಕ್ಕೆ ಕಳಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಜ್ವಾಲೆಯ ವಿಷಯ. ನಿಮ್ಮ ಫಿಟ್ಟರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದ್ದರಿಂದಲೇ ಅದು ಅಪಾಯಕಾರಿ. ಹಳದಿ ಜ್ವಾಲೆ ನೀಲಿ ಜ್ವಾಲೆಗಿಂತ ಹೆಚ್ಚು ವಿಕಿರಣ ಸೂಸುತ್ತದೆ ಎಂಬುದು ನಿಜ. ಹಳದಿ ಜ್ವಾಲೆ ಹೆಚ್ಚು ಬಿಸಿ ಎಂಬುದು ಸುಳ್ಳು. ಗಾಳಿ ಮುಚ್ಚಿ ಹಳದಿ ಮಾಡಿದರೆ ಮಾಲಿಗೆ ಹೆಚ್ಚು ಶಾಖ ಸಿಗುತ್ತದೆ ಎಂಬುದು ನಿಮ್ಮಂಥ ಭಟ್ಟಿಯಲ್ಲಿ ಬಹುಪಾಲು ಸುಳ್ಳು. ಈ ಮೂರೂ ಬೇರೆ ಬೇರೆ ಮಾತುಗಳು. ಅಂಗಡಿಯಲ್ಲಿ ಮೂರನ್ನೂ ಒಂದೇ ಎಂದು ಹಿಡಿಯುವುದರಿಂದ ತೊಂದರೆ ಶುರುವಾಗುತ್ತದೆ.

ಅನಿಲವೂ ಗಾಳಿಯೂ ಮೊದಲೇ ಬೆರೆತು ಬಂದು ಉರಿಯುವುದು ಒಂದು ಬಗೆ. ಮನೆಯ ಒಲೆ ಹೆಚ್ಚುಕಡಿಮೆ ಈ ಬಗೆಯದು. ಅವೆರಡೂ ಬೇರೆ ಬೇರೆ ದಾರಿಯಲ್ಲಿ ಬಂದು, ಎದುರಾದ ಜಾಗದಲ್ಲಷ್ಟೇ ಬೆರೆತು ಉರಿಯುವುದು ಇನ್ನೊಂದು ಬಗೆ. ಇದನ್ನು ವಿಸರಣ ಜ್ವಾಲೆ ಎನ್ನುತ್ತೇವೆ. ಸೀಮೆಎಣ್ಣೆಯ ಚಿಮಣಿ ದೀಪ, ದೇವರ ಮುಂದಿನ ಹಣತೆ ಇವೆಲ್ಲ ವಿಸರಣ ಜ್ವಾಲೆಗಳೇ, ಮತ್ತು ಅನಿಲ, ಗಾಳಿಗಳನ್ನು ತುದಿಯಲ್ಲಿ ಬೆರೆಸುವ ನಿಮ್ಮ ಕೈಗಾರಿಕಾ ಬರ್ನರ್ ಕೂಡ ಅದೇ ಜಾತಿಗೆ ಸೇರಿದ್ದು. ಇಂಥ ಜ್ವಾಲೆಯ ಹೊರಮೈಯಲ್ಲಿ, ಇಂಧನ ಮತ್ತು ಆಮ್ಲಜನಕ ಸರಿಯಾದ ಪ್ರಮಾಣದಲ್ಲಿ ಸೇರುವ ತೆಳು ಪದರದಲ್ಲಿ, ನಿಜವಾದ ದಹನ ನಡೆಯುತ್ತದೆ. ಅದರ ಒಳಬದಿಯಲ್ಲಿ ಆಮ್ಲಜನಕ ಇಲ್ಲ, ಇಂಧನ ಮಾತ್ರ ಇದೆ, ಜೊತೆಗೆ ಹೊರಪದರದಿಂದ ಬರುವ ತೀವ್ರ ಶಾಖವಿದೆ.

ಮಸಿ ಹುಟ್ಟುವುದು ಈ ಒಳಬದಿಯಲ್ಲಿ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಆಮ್ಲಜನಕ ಸಿಗದ ಇಂಧನದ ಅಣುಗಳು ಒಡೆಯುತ್ತವೆ, ಜಲಜನಕ ಕಳಚಿಕೊಳ್ಳುತ್ತದೆ, ಅಸಿಟಿಲೀನ್‌ನಂಥ ಸಣ್ಣ ಅಣುಗಳು ಉಂಟಾಗುತ್ತವೆ. ಅವು ಒಂದಕ್ಕೊಂದು ಸೇರಿ ಬೆಂಜೀನ್‌ನ ಉಂಗುರವಾಗುತ್ತವೆ, ಉಂಗುರಕ್ಕೆ ಉಂಗುರ ಜೋಡಿಕೊಂಡು ದೊಡ್ಡ ಅಣುಗಳಾಗುತ್ತವೆ, ಆ ಅಣುಗಳು ಗುಂಪುಗೂಡಿ ಒಂದೆರಡು ನ್ಯಾನೋಮೀಟರ್ ಗಾತ್ರದ ಮೊದಲ ಕಣಗಳಾಗುತ್ತವೆ. ಮುಂದೆ ಮೈಮೇಲೆ ಇಂಗಾಲ ಹತ್ತಿಸಿಕೊಂಡು ಹತ್ತಾರು ನ್ಯಾನೋಮೀಟರ್‌ನಷ್ಟು ದಪ್ಪವಾಗಿ, ಕೊನೆಗೆ ಸರಪಳಿಯಂತೆ ಅಂಟಿಕೊಳ್ಳುತ್ತವೆ. ಇಷ್ಟೆಲ್ಲ ನಡೆಯಲು ಸೆಕೆಂಡಿನ ಸಾವಿರದ ಕೆಲವು ಭಾಗಗಳು ಸಾಕು. ಆಮೇಲೆ ಈ ಕಣಗಳು ಹರಿವಿನೊಡನೆ ಸಾಗಿ ಹೊರಪದರವನ್ನು ಮುಟ್ಟಿದಾಗ, ಅಲ್ಲಿ ಸಾಕಷ್ಟು ಆಮ್ಲಜನಕವೂ ಬಿಸಿಯೂ ಇದ್ದರೆ, ಸುಟ್ಟು ಪೂರ್ತಿ ಮಾಯವಾಗುತ್ತವೆ. ಜ್ವಾಲೆ ಸುಮಾರು 1000 ಡಿಗ್ರಿಗಿಂತ ತಣ್ಣಗಾಗಿಬಿಟ್ಟರೆ ಅಥವಾ ಆಮ್ಲಜನಕ ಸಾಲದಿದ್ದರೆ ಸುಡದೆ ಉಳಿದು ಹೊಗೆಯಾಗಿ ಹೊರಬೀಳುತ್ತವೆ. ಚಿಮಣಿ ದೀಪದ ಬತ್ತಿಯನ್ನು ಅತಿಯಾಗಿ ಏರಿಸಿದರೆ ಗಾಜು ಕಪ್ಪಾಗುವುದು ಇದೇ ಕಾರಣಕ್ಕೆ: ಮಸಿ ಹುಟ್ಟುವುದು ಹೆಚ್ಚಿತು, ಸುಡುವುದು ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ.

ನೀವು ನೋಡುವ ಹಳದಿ ಬಣ್ಣ ಎಂದರೆ ಈ ಕಣಗಳು ಕಾದು ಬೆಳಗುವ ಬೆಳಕು. ಜ್ವಾಲೆಯ ಬೆಳಕು ಅದರೊಳಗಿನ ಘನ ಇಂಗಾಲದ್ದು ಎಂದು ಹಂಫ್ರಿ ಡೇವಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಹೇಳಿದ್ದ. ನೀಲಿ ಬಣ್ಣವಾದರೋ ದಹನದ ಪದರದಲ್ಲಿ ಕ್ಷಣಕಾಲ ಹುಟ್ಟಿ ಅಳಿಯುವ ಇಂಗಾಲ–ಜಲಜನಕದ ಸಣ್ಣ ತುಣುಕುಗಳಿಂದ ಬರುವಂಥದ್ದು. ಅದರಲ್ಲಿ ಸಾಗುವ ಶಕ್ತಿ ನಗಣ್ಯ. ಹಾಗೆಂದು ನೀಲಿ ಜ್ವಾಲೆ ಶಾಖವನ್ನು ವಿಕಿರಣವಾಗಿ ಕೊಡುವುದೇ ಇಲ್ಲವೆಂದಲ್ಲ. ದಹನದಿಂದ ಬಂದ ಬಿಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸೂಸುತ್ತವೆ, ಆದರೆ ತರಂಗಾಂತರದ ಕೆಲವೇ ಪಟ್ಟಿಗಳಲ್ಲಿ, ಉದಾಹರಣೆಗೆ 2.7 ಮತ್ತು 4.3 ಮೈಕ್ರೋಮೀಟರ್‌ಗಳ ಆಸುಪಾಸಿನಲ್ಲಿ. ಮಸಿಯ ಕಣಗಳಾದರೆ ಎಲ್ಲ ತರಂಗಾಂತರಗಳಲ್ಲೂ ಸೂಸುತ್ತವೆ. ಬಯಲಲ್ಲಿ ಉರಿಯುವ ದೊಡ್ಡ ಜ್ವಾಲೆಗಳಲ್ಲಿ ಮೀಥೇನ್ ತನ್ನ ಶಾಖದ ಸುಮಾರು ಶೇ 15ರಿಂದ 20ರಷ್ಟನ್ನು ವಿಕಿರಣವಾಗಿ ಚೆಲ್ಲಿದರೆ, ಹೆಚ್ಚು ಮಸಿ ಕಟ್ಟುವ ಪ್ರೊಪೇನ್ ಶೇ 30ರವರೆಗೂ ಚೆಲ್ಲುತ್ತದೆ. ಹೀಗೆ ಚೆಲ್ಲಿದಷ್ಟೂ ಜ್ವಾಲೆ ತಾನು ತಣ್ಣಗಾಗುತ್ತದೆ. ಆದ್ದರಿಂದ ಝಳ ಹೆಚ್ಚು ಹೊಡೆಯುವ ಹಳದಿ ಜ್ವಾಲೆಯ ತಾಪ ನೀಲಿ ಜ್ವಾಲೆಯದಕ್ಕಿಂತ ಕಡಿಮೆಯೇ ಇರುತ್ತದೆ.

ಬಣ್ಣದ ಬಗ್ಗೆ ಇನ್ನೊಂದು ಎಚ್ಚರಿಕೆ. ಎಲ್ಲ ಹಳದಿಯೂ ಮಸಿಯಲ್ಲ. ಇಟ್ಟಿಗೆಯ ಪುಡಿ, ಧೂಳು, ಉಪ್ಪಿನಂಶ ಜ್ವಾಲೆಗೆ ಬಿದ್ದರೆ ಸೋಡಿಯಂನಿಂದ 589 ನ್ಯಾನೋಮೀಟರ್‌ನ ಕಿತ್ತಳೆ–ಹಳದಿ ಬೆಳಕು ಬರುತ್ತದೆ. ಮುಂಬೈ, ಗೋವೆಯ ಕಡಲತಡಿಯ ಮನೆಗಳಲ್ಲಿ ಒಲೆಯ ಉರಿಯಲ್ಲಿ ಕಿಡಿಕಿಡಿಯಾಗಿ ಕಿತ್ತಳೆ ಬಣ್ಣ ಮಿನುಗಿದೊಡನೆ ಗ್ಯಾಸಿನಲ್ಲಿ ಕಲಬೆರಕೆ ಎಂದು ದೂರುವವರಿದ್ದಾರೆ. ಪಾತ್ರೆಯ ತಳ ಕಪ್ಪಾಗದಿದ್ದರೆ ಅದು ಗಾಬರಿಪಡುವ ವಿಷಯವಲ್ಲ. ನಿಮ್ಮಲ್ಲಿ ಕೊಳವೆಗಳ ಮೇಲೆ ಮಸಿ ಕೂತಿರುವುದರಿಂದ ಆ ಅನುಮಾನಕ್ಕೆ ಎಡೆಯಿಲ್ಲ.

ಗ್ಯಾಸಿಗೆ ಮಸಿ ಬರುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ ಬಹುಪಾಲು ಮೀಥೇನ್. ಅದರಲ್ಲಿ ಇಂಗಾಲಕ್ಕೆ ಇಂಗಾಲ ಜೋಡಿಸಿದ ಕೊಂಡಿಯೇ ಇಲ್ಲದ್ದರಿಂದ ಸಾಮಾನ್ಯ ಹೈಡ್ರೋಕಾರ್ಬನ್‌ಗಳಲ್ಲೆಲ್ಲ ಅದಕ್ಕೇ ಮಸಿ ಕಟ್ಟುವ ಗುಣ ಅತಿ ಕಡಿಮೆ. ಆದರೆ ಗಾಳಿ ಕೊಡದೆ ಕಾಯಿಸಿದರೆ ಮೀಥೇನ್ ಕೂಡ ಒಡೆದು ಇಂಗಾಲ ಬಿಡುತ್ತದೆ. ರಬ್ಬರಿಗೆ, ಶಾಯಿಗೆ ಬೇಕಾದ ಕಪ್ಪು ಪುಡಿಯನ್ನು ಅಮೆರಿಕದಲ್ಲಿ ದಶಕಗಳ ಕಾಲ ನೈಸರ್ಗಿಕ ಅನಿಲದ ಸಣ್ಣ ಜ್ವಾಲೆಗಳನ್ನು ಕಬ್ಬಿಣದ ತೊಲೆಗಳಿಗೆ ತಾಗಿಸಿಯೇ ತಯಾರಿಸುತ್ತಿದ್ದರು. ಅರ್ಧ ಮುಚ್ಚಿದ ಡ್ಯಾಂಪರಿನಿಂದ ನೀವೀಗ ತಯಾರಿಸುತ್ತಿರುವುದೂ ಅದೇ ಸರಕು.

‘ದಮ್ ಇಲ್ಲ’ ಎಂಬ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಶಾಖದ ಲೆಕ್ಕದಲ್ಲಿ ಒಂದು ಲೀಟರ್ ಫರ್ನೇಸ್ ಆಯಿಲ್‌ಗೆ ಸರಿದೂಗಲು ಸುಮಾರು 1.1 ಘನ ಮೀಟರ್ ನೈಸರ್ಗಿಕ ಅನಿಲ ಸಾಕು, ಅಂದರೆ ಇಂಧನದಲ್ಲಿ ದಮ್ ಇದ್ದೇ ಇದೆ. ಆದರೆ 1200 ಡಿಗ್ರಿಯ ಭಟ್ಟಿಯಲ್ಲಿ ಮಾಲಿಗೆ ಮುಟ್ಟುವ ಶಾಖದ ಬಹುಭಾಗ ವಿಕಿರಣದಿಂದಲೇ ಬರುವಂಥದ್ದು, ಮತ್ತು ಆಯಿಲ್‌ನ ಜ್ವಾಲೆ ಮಸಿಯ ಕಣಗಳಿಂದ ತುಂಬಿದ್ದರಿಂದ ನೇರವಾಗಿ ಮಾಲಿನ ಮೇಲೆ ವಿಕಿರಣ ಸುರಿಸುತ್ತಿತ್ತು. ನಿಮ್ಮ ಭಟ್ಟಿಯಷ್ಟು ಚಿಕ್ಕ ಕೋಣೆಯಲ್ಲಿ ಮಸಿಯಿಲ್ಲದ ಬಿಸಿ ಅನಿಲರಾಶಿ ಸೂಸುವುದು ಅದೇ ತಾಪದ ಕಪ್ಪು ಮೈ (ಆ ತಾಪದಲ್ಲಿ ಸಾಧ್ಯವಾದಷ್ಟೂ ವಿಕಿರಣ ಸೂಸುವ ಆದರ್ಶ ಮೈ) ಸೂಸುವುದರ ಸುಮಾರು ಐದನೇ ಒಂದು ಭಾಗವನ್ನಷ್ಟೇ. ಹೀಗಾಗಿ ಶಾಖ ಮೊದಲು ಗೋಡೆಗೂ ಚಾವಣಿಗೂ ಹೋಗಿ, ಅಲ್ಲಿಂದ ಮರುಸೂಸಿ ಮಾಲಿಗೆ ಬರಬೇಕಾಗುತ್ತದೆ. ಉಳಿದ ಶಾಖ ಹೊಗೆಯ ದಾರಿಯಲ್ಲಿ ಹೆಚ್ಚು ಬಿಸಿಯಾಗಿ ಹೊರಹೋಗುತ್ತದೆ. ಆಯಿಲ್ ಬರ್ನರ್ ತೆಗೆದು ಗ್ಯಾಸ್ ಬರ್ನರ್ ಕೂರಿಸಿ ಉಳಿದಿದ್ದನ್ನೆಲ್ಲ ಇದ್ದ ಹಾಗೇ ಬಿಟ್ಟ ಎಲ್ಲ ಕಡೆ ಈ ದೂರು ಬರುತ್ತದೆ.

ಈಗ ಡ್ಯಾಂಪರ್ ಮುಚ್ಚಿದಾಗ ಆದದ್ದನ್ನು ನೋಡೋಣ. ಗಾಳಿಯ ಪ್ರಮಾಣದ ಜೊತೆ ಅದರ ವೇಗವೂ ಇಳಿಯಿತು, ವೇಗ ಇಳಿದದ್ದರಿಂದ ಅನಿಲದೊಡನೆ ಬೆರೆಯುವುದು ನಿಧಾನವಾಯಿತು, ಬೆರೆಯದ ಅನಿಲ ಆಮ್ಲಜನಕ ಹುಡುಕುತ್ತ ಉದ್ದಕ್ಕೆ ಚಾಚಿತು. ನಿಮ್ಮ ಭಟ್ಟಿಯಲ್ಲಿ ಅದಕ್ಕೆ ಆಮ್ಲಜನಕ ಸಿಕ್ಕಿದ್ದು ಎರಡು ಕಡೆ: ಬಾಗಿಲಿನ ಸಂದಿಯಲ್ಲಿ ಮತ್ತು ಹೊಗೆಯ ದಾರಿಯಲ್ಲಿ. ಬಿಲ್ಲೆಟ್‌ಗಳ ಮೇಲೆ ಬಿಡುಗಡೆಯಾಗಬೇಕಿದ್ದ ಶಾಖ ಬಾಗಿಲ ಬಳಿಯ ಹುಡುಗನ ಮುಖದ ಮೇಲೂ ರಿಕ್ಯುಪರೇಟರ್‌ನ ಬಳಿಯೂ ಬಿಡುಗಡೆಯಾಯಿತು. ಝಳ ಹೆಚ್ಚಿದರೂ ಮಾಲು ಬೇಗ ಕಾಯದಿದ್ದುದು ಇದಕ್ಕೇ. ಬಿಲ್ ಏರಿದ್ದಕ್ಕೂ ಲೆಕ್ಕವಿದೆ. ಬೇಕಾದಷ್ಟರಲ್ಲಿ ಶೇ 10ರಷ್ಟು ಗಾಳಿ ಕಡಿಮೆಯಾದರೆ ಅನಿಲದ ಶಾಖದ ಸುಮಾರು ಶೇ 13ರಷ್ಟು ಬಿಡುಗಡೆಯೇ ಆಗದೆ, ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕದ ರೂಪದಲ್ಲಿ ಹೊರಹೋಗುತ್ತದೆ. ಅದೇ ಶೇ 10ರಷ್ಟು ಗಾಳಿ ಹೆಚ್ಚಾದರೆ, ಆ ಹೆಚ್ಚುವರಿ ಗಾಳಿಯನ್ನು 1200 ಡಿಗ್ರಿಗೆ ಕಾಯಿಸಿ ಹೊರಬಿಡುವ ನಷ್ಟ ಶೇ 4ರಿಂದ 5 ಮಾತ್ರ. ಗಾಳಿ ಹೆಚ್ಚಾಗುವ ತಪ್ಪಿಗಿಂತ ಕಡಿಮೆಯಾಗುವ ತಪ್ಪು ಎರಡೂವರೆ–ಮೂರು ಪಟ್ಟು ದುಬಾರಿ. ಇದರ ಮೇಲೆ ಕೊಳವೆಗೆ ಅಂಟಿದ ಮಸಿ ಶಾಖವನ್ನು ತಡೆಯುವುದರಿಂದ ಬರ್ನರ್‌ಗೆ ಹೋಗುವ ಗಾಳಿ ಸರಿಯಾಗಿ ಕಾಯುವುದಿಲ್ಲ. 1200 ಡಿಗ್ರಿಯಲ್ಲಿ ಹೊರಹೋಗುವ ಹೊಗೆ ತನ್ನೊಡನೆ ಇಂಧನದ ಶಾಖದ ಸುಮಾರು ಐದನೇ ಮೂರು ಭಾಗವನ್ನು ಒಯ್ಯುತ್ತದೆ. ಅದರಿಂದ ದಹನದ ಗಾಳಿಯನ್ನು 400 ಡಿಗ್ರಿಗೆ ಕಾಯಿಸಿಕೊಂಡರೆ ಇಂಧನದಲ್ಲಿ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಉಳಿಯುತ್ತದೆ. ನಿಮ್ಮ ರಿಕ್ಯುಪರೇಟರ್ ಈಗ ಆ ಉಳಿತಾಯದ ಎಷ್ಟು ಪಾಲನ್ನು ಕಳೆದುಕೊಂಡಿದೆ ಎಂಬುದು ಗಾಳಿಯ ಕೊಳವೆಗೆ ತಾಪ ಅಳೆಯುವ ಒಂದು ಥರ್ಮೋಕಪಲ್ ಹಾಕಿದರೆ ತಿಳಿಯುತ್ತದೆ.

ಫೋರ್ಜಿಂಗ್‌ನವರು ಸ್ವಲ್ಪ ಗಾಳಿ ಕಡಿಮೆ ಇಡುವುದಕ್ಕೆ ಇನ್ನೊಂದು ಕಾರಣ ಕೊಡುತ್ತಾರೆ, ಅದು ಸ್ಕೇಲ್, ಅಂದರೆ ಕಾದ ಉಕ್ಕಿನ ಮೇಲೆ ಕಟ್ಟುವ ಆಕ್ಸೈಡ್ ಪದರ. ಆಮ್ಲಜನಕ ಹೆಚ್ಚಿದ್ದರೆ ಉಕ್ಕಿನ ಮೇಲೆ ಸ್ಕೇಲ್ ಹೆಚ್ಚುವುದು ನಿಜ, ಅದರಿಂದ ಮಾಲು ನಷ್ಟವಾಗುವುದೂ ನಿಜ. ಆದರೆ ಆ ಉದ್ದೇಶಕ್ಕೆ ಅಳತೆಯ ಉಪಕರಣ ಹಿಡಿದು ಕೂದಲೆಳೆಯಷ್ಟು ಗಾಳಿ ಇಳಿಸುವುದಕ್ಕೂ, ಬಣ್ಣ ನೋಡಿ ಡ್ಯಾಂಪರ್ ಅರ್ಧ ಮುಚ್ಚುವುದಕ್ಕೂ ಸಂಬಂಧವಿಲ್ಲ. ಮಾಲು ಭಟ್ಟಿಯಲ್ಲಿ ಇರುವ ಹೊತ್ತನ್ನು ಕಡಿಮೆ ಮಾಡುವುದೇ ಸ್ಕೇಲಿಗೆ ಹೆಚ್ಚು ಸುರಕ್ಷಿತವಾದ ಮದ್ದು.

ಹಾಗಾದರೆ ದಾರಿಗಳೇನು? ಮೊದಲನೆಯದು, ಮತ್ತು ಬಹುಮಟ್ಟಿಗೆ ಸಾಕಾಗಬಹುದಾದದ್ದು, ಗಾಳಿ–ಅನಿಲದ ಪ್ರಮಾಣವನ್ನು ಕಣ್ಣಿನ ಬದಲು ಹೊಗೆಯಲ್ಲಿರುವ ಅನಿಲಗಳನ್ನು ಅಳೆಯುವ ಫ್ಲೂ ಗ್ಯಾಸ್ ಅನಲೈಸರ್‌ನಿಂದ ಹೊಂದಿಸುವುದು. ಹೊಗೆಯಲ್ಲಿ ಆಮ್ಲಜನಕ ಶೇ 2ರಿಂದ 3, ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ ನೂರು ಭಾಗಕ್ಕಿಂತ ಕಡಿಮೆ ಇರಬೇಕು. ಇದನ್ನು ಪೂರ್ಣ ಉರಿಯಲ್ಲೂ ಕಡಿಮೆ ಉರಿಯಲ್ಲೂ ಎರಡು ಬಾರಿ ನೋಡಬೇಕು, ಏಕೆಂದರೆ ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ಕೆಡುವುದು ಸಾಮಾನ್ಯ. ಬಾಗಿಲ ಸಂದಿಯಿಂದ ನುಗ್ಗುವ ಹೊರಗಾಳಿ ಅಳತೆಯನ್ನು ಹಾಳುಮಾಡುತ್ತದೆಯಾದ್ದರಿಂದ, ಚಿಮಣಿಯ ಡ್ಯಾಂಪರ್ ಹೊಂದಿಸಿ ಭಟ್ಟಿಯೊಳಗಿನ ಒತ್ತಡವನ್ನು ಹೊರಗಿಗಿಂತ ತುಸುವೇ ಹೆಚ್ಚಿಟ್ಟು ಅಳತೆ ತೆಗೆಯಿರಿ.

ಎರಡನೆಯದು ಮಾಲು ಜೋಡಿಸುವ ರೀತಿ. ಶಾಖ ಗೋಡೆಯಿಂದ ಮರುಸೂಸಿ ಬರುವಾಗ ಬಿಲ್ಲೆಟ್‌ನ ಪ್ರತಿಯೊಂದು ಮುಖಕ್ಕೂ ಗೋಡೆ ಕಾಣಬೇಕು. ಆಯಿಲ್ ಕಾಲದ ರೂಢಿಯಂತೆ ಒತ್ತೊತ್ತಾಗಿ ರಾಶಿ ಹಾಕಿದರೆ ಮೇಲಿನ ಸಾಲಷ್ಟೇ ಬೇಗ ಕಾಯುತ್ತದೆ. ನಡುವೆ ಅಂತರ ಬಿಟ್ಟು, ನೆಲದಿಂದ ತುಸು ಎತ್ತರಿಸಿ ಇಡಿ. ಗೋಡೆಯ ತಾಪ 1200ರಿಂದ 1250ಕ್ಕೆ ಏರಿದರೆ ಅದು ಸೂಸುವ ಶಾಖ ಶೇ 14ರಷ್ಟು ಏರುತ್ತದೆ, ವಿಕಿರಣ ನಿರಪೇಕ್ಷ ತಾಪದ ನಾಲ್ಕನೇ ಘಾತದಂತೆ ಏರುವಂಥದ್ದಾದ್ದರಿಂದ. ಆದ್ದರಿಂದ ಒಳಪದರದ ಇಟ್ಟಿಗೆ ಬಿರುಕು ಬಿಟ್ಟಿದ್ದರೆ, ಶಾಖ ಹೊರಗಿನ ತಗಡಿಗೆ ಸೋರುತ್ತಿದ್ದರೆ, ಅದನ್ನು ದುರಸ್ತಿ ಮಾಡಿಸುವುದಕ್ಕೆ ಹಾಕಿದ ಹಣ ವ್ಯರ್ಥವಲ್ಲ. ಗೋಡೆಗೆ ಬಳಿಯುವ, ವಿಕಿರಣ ಹೆಚ್ಚಿಸುವ ಲೇಪಗಳನ್ನು ಮಾರುವವರು ಹೇಳುವಷ್ಟು ಲಾಭವನ್ನು ನಾನು ಚಿಕ್ಕ ಭಟ್ಟಿಗಳಲ್ಲಿ ಕಂಡಿಲ್ಲ.

ಮೂರನೆಯದು ಬರ್ನರ್ ಬದಲಾವಣೆ. ಇಲ್ಲಿ ಎರಡು ವಿರುದ್ಧ ದಿಕ್ಕುಗಳಿವೆ. ಬೇಕೆಂದೇ ನಿಧಾನವಾಗಿ ಬೆರೆಸಿ, ಜ್ವಾಲೆಯೊಳಗೆ ಮಸಿ ಹುಟ್ಟಿಸಿ, ಕೋಣೆಯ ಕೊನೆ ಮುಟ್ಟುವುದರೊಳಗೆ ಅದನ್ನು ಪೂರ್ತಿ ಸುಡುವ ಬರ್ನರ್‌ಗಳಿವೆ. ಗಾಜು ಕರಗಿಸುವ ದೊಡ್ಡ ಕುಲುಮೆಗಳಲ್ಲಿ ಇಂಥ ಹೊಳೆಯುವ ಜ್ವಾಲೆ ಬೇಕಾಗುತ್ತದೆ. ಅಲ್ಲಿ ಒಟ್ಟು ಗಾಳಿ ಎಂದೂ ಕೊರತೆಯಾಗುವುದಿಲ್ಲ, ಬೆರೆಯುವುದಷ್ಟೇ ತಡವಾಗುತ್ತದೆ. ನಿಮ್ಮ ಫಿಟ್ಟರ್ ಅನುಕರಿಸಲು ಹೊರಟಿದ್ದು ಬಹುಶಃ ಇದನ್ನೇ. ಆದರೆ ಅದಕ್ಕೆ ಕೆಲವು ಮೀಟರ್ ಉದ್ದದ ಕೋಣೆ ಬೇಕು. ನಿಮ್ಮ ಬಾಕ್ಸ್ ಭಟ್ಟಿಯಲ್ಲಿ ಮಸಿ ಸುಡುವ ಮೊದಲೇ ಬಿಲ್ಲೆಟ್‌ಗೆ ತಾಗಿ ತಣ್ಣಗಾಗಿ ಉಳಿದುಬಿಡುತ್ತದೆ. ನಿಮ್ಮಂಥವರಿಗೆ ಸೂಕ್ತವಾದದ್ದು ಅತಿ ವೇಗದ ಬರ್ನರ್. ಅದು ಬಿಸಿ ಅನಿಲವನ್ನು ರಭಸದಿಂದ ಚಿಮ್ಮಿಸಿ ಕೋಣೆಯನ್ನೆಲ್ಲ ಕಲಕುತ್ತದೆ, ಗೋಡೆಗೂ ಮಾಲಿಗೂ ಶಾಖ ಸಮವಾಗಿ ಮುಟ್ಟುತ್ತದೆ. ಖರ್ಚು ಹೆಚ್ಚು, ಮತ್ತು ಚಿಮ್ಮುವ ಧಾರೆ ನೇರವಾಗಿ ಬಿಲ್ಲೆಟ್‌ಗೆ ಹೊಡೆಯುವಂತೆ ಕೂರಿಸಿದರೆ ಆ ಜಾಗ ಅತಿಯಾಗಿ ಕಾದು ಮಾಲು ಕೆಡುತ್ತದೆ.

ಆಯಿಲ್‌ಗೆ ಮರಳುವುದನ್ನು ನಾನು ಸಲಹೆ ಮಾಡಲಾರೆ. ಗಂಧಕ, ಬಿಸಿ ಮಾಡಿ ಪಂಪ್ ಮಾಡುವ ರಗಳೆ ಇವೆಲ್ಲ ನಿಮಗೆ ಗೊತ್ತಿರುವಂಥವೇ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನಗಳಲ್ಲಿ ಫರ್ನೇಸ್ ಆಯಿಲ್ ಬಳಕೆಯನ್ನು ನಿಷೇಧಿಸಿದ್ದನ್ನು ನೋಡಿದರೆ, ಈ ಇಂಧನವನ್ನು ನಂಬಿ ಹೊಸದಾಗಿ ಹಣ ಹೂಡುವುದು ಜಾಣತನವಲ್ಲ.

ನೀವು ಕೇಳದಿದ್ದರೂ ಒಂದನ್ನು ವಿಚಾರಿಸಲೇಬೇಕು. ಆಯಿಲ್ ಬರ್ನರಿನ ಜ್ವಾಲೆ ಕಾಯುವ ಕಣ್ಣು ಬಹಳ ಸಲ ಕಾಣುವ ಹಳದಿ ಬೆಳಕನ್ನು ನಂಬಿದ ಫೋಟೋಸೆಲ್ ಆಗಿರುತ್ತದೆ. ಗ್ಯಾಸಿನ ನೀಲಿ ಜ್ವಾಲೆ ಅದಕ್ಕೆ ಕಾಣುವುದಿಲ್ಲ, ಪದೇ ಪದೇ ಗ್ಯಾಸ್ ಕಡಿತಗೊಳ್ಳುತ್ತದೆ, ಬೇಸತ್ತ ಯಾರೋ ತಂತಿ ಜೋಡಿಸಿ ಅದನ್ನು ನಿಷ್ಕ್ರಿಯಗೊಳಿಸಿರುತ್ತಾರೆ. ನಿಮ್ಮಲ್ಲೂ ಹಾಗಾಗಿದ್ದರೆ ಕೂಡಲೇ ಅತಿನೇರಳೆ ಬೆಳಕನ್ನು ಗುರುತಿಸುವ ಸೆನ್ಸರ್ ಹಾಕಿಸಿ. ಭಟ್ಟಿ 750 ಡಿಗ್ರಿ ದಾಟಿದ ಮೇಲೆ ಒಳಬಂದ ಅನಿಲ ತಾನಾಗಿ ಹೊತ್ತಿಕೊಳ್ಳುತ್ತದೆ. ಸ್ಫೋಟದ ಭಯ ಮುಖ್ಯವಾಗಿ ತಣ್ಣನೆಯ ಭಟ್ಟಿ ಹೊತ್ತಿಸುವ ಬೆಳಗಿನ ಹೊತ್ತಿನದು. ಹೊತ್ತಿಸುವ ಮುನ್ನ ಕೋಣೆಯ ಗಾತ್ರದ ಕನಿಷ್ಠ ಐದು ಪಟ್ಟು ಗಾಳಿಯನ್ನು ಬ್ಲೋವರ್‌ನಿಂದ ಹಾಯಿಸಬೇಕು.

ಬಾಗಿಲ ಝಳಕ್ಕೂ ಒಂದು ಮಾತು. ಜ್ವಾಲೆ ಒಳಗೇ ನಿಂತರೂ 1200 ಡಿಗ್ರಿಯ ಕೋಣೆಯ ತೆರೆದ ಬಾಯಿ ಚದರ ಮೀಟರಿಗೆ ಸುಮಾರು 267 ಕಿಲೋವ್ಯಾಟ್ ಸೂಸುತ್ತದೆ. ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ ಬಾಗಿಲು ಸದಾ ತೆರೆದಿದ್ದರೆ ಹೋಗುವುದು 37 ಕಿಲೋವ್ಯಾಟ್. ಹೊಗೆಯ ನಷ್ಟವನ್ನೂ ಸೇರಿಸಿದರೆ ಅದಕ್ಕಾಗಿ ಗಂಟೆಗೆ ಒಂಬತ್ತು–ಹತ್ತು ಘನ ಮೀಟರ್ ಅನಿಲ ಸುಡಬೇಕಾಗುತ್ತದೆ. ಗೋಡೆಯ ದಪ್ಪದಿಂದ ಇದು ಸ್ವಲ್ಪ ಇಳಿದರೂ ಹುಡುಗರ ಮೈಗೆ ತಾಗುವುದು ಕಡಿಮೆಯೇನಲ್ಲ: ನಡುಹಗಲ ಬಿಸಿಲು ಚದರ ಮೀಟರಿಗೆ ಒಂದು ಕಿಲೋವ್ಯಾಟ್, ಐದು ಕಿಲೋವ್ಯಾಟ್ ಆದರೆ ಬರಿಮೈಗೆ ಅರ್ಧ ನಿಮಿಷದೊಳಗೆ ನೋವು ತಡೆಯಲಾಗುವುದಿಲ್ಲ. ಬಾಗಿಲಿಗೆ ಸರಪಳಿಯ ಪರದೆ, ನಿಲ್ಲುವ ಕಡೆ ಹೊಳೆಯುವ ಅಲ್ಯೂಮಿನಿಯಂ ತಗಡಿನ ಅಡ್ಡ ಹಾಕಿಸಿ.

ಕೆಲಸದ ಕ್ರಮ ಹೀಗಿರಲಿ. ಉರಿಯುತ್ತಿರುವ, ಅನಿಲ ತುಂಬಿದ ಭಟ್ಟಿಗೆ ಬ್ಲೋವರಿನ ಡ್ಯಾಂಪರನ್ನು ಒಮ್ಮೆಗೇ ತೆರೆಯಬೇಡಿ. ಮೊದಲು ಅನಿಲ ಇಳಿಸಿ, ಜ್ವಾಲೆ ಬಾಗಿಲಿನಿಂದ ಒಳಸರಿದ ಮೇಲೆ ನಿಧಾನವಾಗಿ ಗಾಳಿ ಕೊಡಿ. ಆದರೆ ರಿಕ್ಯುಪರೇಟರ್ ಮೇಲಿನ ಮಸಿಗೆ ಬಿಸಿಯಲ್ಲಿ ಹೆಚ್ಚು ಆಮ್ಲಜನಕ ಸಿಕ್ಕರೆ ಅಲ್ಲೇ ಬೆಂಕಿ ಹತ್ತಿ ಕೊಳವೆ ಸೊಟ್ಟಗಾಗುವ ಸಂಭವವಿದೆ. ಆದ್ದರಿಂದ ವಾರದ ರಜೆಯ ದಿನ ಭಟ್ಟಿ ಪೂರ್ತಿ ಆರಿದ ಮೇಲೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬ್ರಷ್‌ನಿಂದ ಮಸಿ ತೆಗೆಸಿ, ಆಮೇಲೆಯೇ ಅನಲೈಸರ್ ಹಿಡಿದು ಗಾಳಿ ಹೊಂದಿಸುವುದು ಸರಿ. ಹೊಂದಿಸಿದ ಮೇಲೆ ನೋಡುಗಂಡಿಯಿಂದ ಕೋಬಾಲ್ಟ್ ಗಾಜು ಹಿಡಿದು ನೋಡಿ: ಹಿಂಗೋಡೆಯ ಇಟ್ಟಿಗೆಯ ಸಂದುಗಳು ಸ್ಪಷ್ಟವಾಗಿ ಕಾಣಬೇಕು, ಮಂಜು ಕವಿದಂತೆ ಮಸುಕಾಗಿದ್ದರೆ ಮಸಿ ಇನ್ನೂ ಉಳಿದಿದೆ. ಹೊಗೆಯ ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೊಗೆಯ ತಾಪ, ಕಾದ ಗಾಳಿಯ ತಾಪ ಈ ನಾಲ್ಕನ್ನೂ ಎರಡು ವಾರ ಪಾಳಿಗೊಮ್ಮೆ ಬರೆದಿಡಿಸಿ. ಅಷ್ಟಾದ ಮೇಲೂ ಮಾಲು ತಡವಾಗಿಯೇ ಕಾಯುತ್ತಿದ್ದರೆ, ಆ ಅಂಕಿಗಳನ್ನು ಕಳಿಸಿ. ಅತಿ ವೇಗದ ಬರ್ನರ್ ಹಾಕಿದರೆ ಎಷ್ಟು ತಿಂಗಳಲ್ಲಿ ಹಣ ಮರಳುತ್ತದೆ ಎಂಬ ಲೆಕ್ಕವನ್ನು ಅವನ್ನಿಟ್ಟುಕೊಂಡು ಹಾಕಬಹುದು.